ಎತ್ತಬ್ಯಾಡ, ತುಳಿ

ನನ್ನ ಮೊಮ್ಮಗಳು ಹೆಣ್ಣುಮಗು ಹಡೆದಳು! ತಾಯಿ ಆರಾಮ, ಕೂಸು ಆರಾಮ, ಕೂಸಿನ ತಲೆ ತುಂಬ ಕರಿಕೂದಲು. ಹುಟ್ಟಿದ್ದು ಬುಧವಾರ. ಶುಕ್ರವಾರ ತಾಯಿ ಮಗು ಇಬ್ಬರೂ ದವಾಖಾನೆಯಿಂದ ಗಜೇಂದ್ರಗಡದ ನನ್ನ ಮಗಳ ಮನೆಗೆ ಬಂದರು. ಅದೇ ಶುಕ್ರವಾರ ನಾನು ರೋಣದಿಂದ ಗಜೇಂದ್ರಗಡದವರೆಗೆ ನನ್ನ ಗಾಡಿಯನ್ನು ನಾನೇ ನಡೆಸಿಕೊಂಡು ಹೋಗಿ ಆ ಕೂಸಿನ ಮುಖ ನೋಡಿದೆ. ಗಾಡಿ ಅಂದರೆ ಕಾರಲ್ಲ, ಜೀಪಲ್ಲ. ಕಿಕ್ ಹೊಡೆದು ಚಾಲೂ ಮಾಡುವ ಮೋಟಾರ್ ಸೈಕಲ್ಲು. ನನಗೆ ಎಪ್ಪತ್ತೊಂದು ವರ್ಷ.

ಈ ಎರಡು ಸುದ್ದಿಗಳನ್ನು ಎಲ್ಲರಿಗಿಂತ ಮೊದಲು ಹೋಗಿ ಹೇಳಬೇಕಾಗಿದ್ದದ್ದು ನಮ್ಮ ಮಿಸ್ತ್ರಿಗೆ. ಅವರು ಈಗ ಇಲ್ಲ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಊರೂರಿಗೆ ಬಳೆ ಮಾರಿ ಬದುಕಿದವನು, ಬರೆದು ರೂಢಿಯಿಲ್ಲ. ಆದರೆ ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ಸಂತೋಷವಾದಾಗ ಯಾರ ಮುಂದಾದರೂ ಹೇಳಬೇಕಲ್ಲ. ಅದಕ್ಕೇ ಕೂತಿದ್ದೇನೆ.

ಮಿಸ್ತ್ರಿಯ ಗಾಡಿ ರಿಪೇರಿ ಅಂಗಡಿ ರೋಣದ ಪೇಟೆ ಮುಗಿಯುವಲ್ಲಿ ಇತ್ತು. ಒಳಗೆ ಕಾಲಿಟ್ಟರೆ ಮೊದಲು ಕಾಣುತ್ತಿದ್ದದ್ದು ಪಾನಾ ಅಲ್ಲ, ಟೈರೂ ಅಲ್ಲ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ ಚಪ್ಪಲಿ. ಎಲ್ಲ ಎಡಗಾಲಿನವು, ಎಲ್ಲ ಹೊಸವು. ಸಣ್ಣವರಿದ್ದಾಗ ಜ್ವರ ಬಂದು ಅವರ ಎಡಗಾಲು ಬತ್ತಿಹೋಗಿತ್ತು. ಜೋಳದ ದಂಟಿನಂತಿದ್ದ ಆ ಕಾಲಿನ ತುದಿಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಬಲಗಾಲಿನ ಮೀನಖಂಡ ಮಾತ್ರ ಒನಕೆಯ ಹಾಗೆ. ಜೋಡಿ ಚಪ್ಪಲಿ ತಂದರೆ ಬಲಗಾಲಿನದು ಆರು ತಿಂಗಳಿಗೆ ಸವೆದು ಹಾಳೆಯಾಗುತ್ತಿತ್ತು, ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಅದನ್ನು ಗೋಡೆಗೆ ಹಾಕುತ್ತಿದ್ದರು. “ಎಡಗಾಲಿಂದು ಕಳಕೊಂಡಾವ್ರು ಇದ್ರ ಒಯ್ರಿ, ನಂದೇನು ಖರ್ಚಾಗಿಲ್ಲ” ಎನ್ನುತ್ತಿದ್ದರು. ಅಬ್ಬಿಗೇರಿಯಿಂದ ಒಬ್ಬ ಮುದುಕ ಖರೇನೇ ಬಂದು ಒಂದು ಒಯ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಯಿ ಕಚ್ಚಿಕೊಂಡು ಹೋಗಿತ್ತಂತೆ, ಎಡಗಾಲಿನದನ್ನೇ.

ಗಾಡಿಯ ಗೇರು ಎಡಗಾಲಿನ ಕೆಲಸ. ಹೀಗಾಗಿ ಇಡೀ ತಾಲೂಕಿನ ಗಾಡಿಗಳನ್ನು ರಿಪೇರಿ ಮಾಡಿದ ಮಿಸ್ತ್ರಿ ಜನ್ಮದಲ್ಲಿ ಒಂದು ದಿನವೂ ಗಾಡಿ ನಡೆಸಲಿಲ್ಲ. ರಿಪೇರಿ ಮುಗಿದ ಮೇಲೆ “ಒಂದು ಸುತ್ತು ಹೊಡಕೊಂಡು ಬಾ” ಎಂದು ನಮ್ಮನ್ನೇ ಕಳಿಸಿ, ತಾವು ಅಂಗಡಿಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾವು ತಿರುಗಿ ಬರುವಷ್ಟರಲ್ಲಿ ಬರೀ ಸಪ್ಪಳದ ಮೇಲೆ ಹೇಳುತ್ತಿದ್ದರು: “ಮೂರನೇ ಗೇರಿಗೆ ಲಗೂ ಬಂದಿ. ಇಂಜಿನ್ನಿಗೆ ದಮ್ಮು ಹತ್ತಿತು. ನಿನಗ ಹತ್ತಲಿಲ್ಲೇನು?” ಕಾಲಿನಿಂದ ನಡೆಸಲಾರದ ಗಾಡಿಯನ್ನು ಆ ಮನುಷ್ಯ ಕಿವಿಯಿಂದ ನಡೆಸುತ್ತಿದ್ದ.

ಅವರದೊಂದು ಕಾನೂನಿತ್ತು. ಗಾಡಿಗೆ ಎರಡು ಸ್ಟ್ಯಾಂಡು ಇರುತ್ತವೆ. ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ಸರಿಸಿದರೆ ಸಾಕು, ಗಾಡಿ ಒಂದು ಮಗ್ಗುಲಿಗೆ ಒರಗಿ ನಿಲ್ಲುತ್ತದೆ. ಡಬಲ್ ಸ್ಟ್ಯಾಂಡ್ ಹಾಗಲ್ಲ. ಇಡೀ ಗಾಡಿಯನ್ನು ಹಿಂದಕ್ಕೆ ಎಳೆದು ಅದರ ಮೇಲೆ ಏರಿಸಬೇಕು, ಆಗ ಗಾಡಿ ನೆಟ್ಟಗೆ ನಿಲ್ಲುತ್ತದೆ. ಮಿಸ್ತ್ರಿ ರಿಪೇರಿ ಮುಗಿಸಿ ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಚ್ಚಿ, ಚಾವಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. “ಡಬಲ್ ಸ್ಟ್ಯಾಂಡ್ ಹಾಕಿ ತೋರ್ಸು. ಆಮ್ಯಾಲ ಒಯ್ಯಿ.” ಇದು ಎಲ್ಲರಿಗೂ ಒಂದೇ. ಒಮ್ಮೆ ದೊಡ್ಡ ಹೊಲಮನೆಯ ಗೌಡರೊಬ್ಬರಿಗೆ ಸಿಟ್ಟು ಬಂತು.

“ಏನ್ ಮಿಸ್ತ್ರಿ, ನಮ್ಮ ಮನ್ಯಾಗ ಆಳಿಲ್ಲೇನು ಎತ್ತಾಕ?”

“ಅದಾರ್ರಿ ಗೌಡ್ರ, ಭಾಳ ಅದಾರ. ಆದ್ರ ಹಾದ್ಯಾಗ ಗಾಡಿ ನಿಮ್ಮ ಕಾಲ ಮ್ಯಾಲ ಬಿತ್ತಂದ್ರ ಎತ್ತಾಕ ನಿಮ್ಮ ಆಳು ಹಿಂದ ಓಡ್ಕೋತ ಬರ್ತಾನೇನ್ರಿ?”

ಗೌಡರು ನಕ್ಕು, ಧೋತರ ಮೇಲೆ ಕಟ್ಟಿ, ಮೂರನೆಯ ಸಲಕ್ಕೆ ಎತ್ತಿದರು.

ನನಗೆ ಮಿಸ್ತ್ರಿಯ ಖರೇ ಪರಿಚಯವಾದದ್ದು ಅಸೂಟಿಯ ಮಣ್ಣಿನಿಂದ. ಆಗ ನನಗಿನ್ನೂ ಪ್ರಾಯ. ಸೈಕಲ್ ಬಿಟ್ಟು ಹೊಸದಾಗಿ ಗಾಡಿ ಮಾಡಿದ್ದೆ. ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದೆ. ಮಳೆ ಬಿದ್ದ ಮರುದಿನ ಅಸೂಟಿಗೆ ಹೋಗಿ, ಒಂದು ಮನೆಯ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ, “ಬಳೀ…” ಎಂದು ಕೂಗಿದೆ. ಹೆಣ್ಣುಮಕ್ಕಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಾನು ಅವರ ಕಡೆ ಮುಖ ಮಾಡಿ ನಿಂತಿದ್ದೆ. ನನ್ನ ಬೆನ್ನ ಹಿಂದೆ ಎರೆಮಣ್ಣು ಸೈಡ್ ಸ್ಟ್ಯಾಂಡನ್ನು ಸಾವಕಾಶ ನುಂಗತೊಡಗಿತ್ತು. ಹಸಿ ಎರೆ ಬೆಣ್ಣೆಯ ಹಾಗೆ, ಸಪ್ಪಳವಿಲ್ಲದೆ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದೇ ಸಪ್ಪಳ. ಗಾಡಿ ಮಲಗಿತ್ತು. ಪೆಟ್ಟಿಗೆಯ ಬಳೆಗಳು ಹೆಚ್ಚಿದ್ದವು.

ಹೆಚ್ಚಿದವು ಅಂದರೆ ಒಡೆದವು. ಬಳೆ ಒಡೆಯಿತು ಎನ್ನುವುದು ಅಪಶಕುನ, ಅದಕ್ಕೆ ಬಳೆ ‘ಹೆಚ್ಚಿತು’ ಎನ್ನುವುದು ನಮ್ಮ ರೂಢಿ. ಬಳೆಗಾರನ ಬಾಯಿಂದಂತೂ ಬೇರೆ ಮಾತು ಬರಲೇಬಾರದು. ಕೆಸರಿನಲ್ಲಿ ಹಸಿರು, ಕೆಂಪು, ನೀಲಿ ಚೂರುಗಳು ಹೊಳೆಯುತ್ತಿದ್ದವು. ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಬಳೆಗಾರಪ್ಪಾ, ನಮ್ಮ ಭೂಮಿತಾಯಿಗೂ ಬಳಿ ಇಡಿಸಿದ್ಯಲ್ಲೋ! ಅಕಿ ಕೈ ಅಳತಿ ನಿನಗ ಹ್ಯಾಂಗ ಗೊತ್ತಾತು?” ಎಂದಳು. ಎಲ್ಲರೂ ನಕ್ಕರು. ನನಗೆ ಅಳು ಬಂದಿತ್ತು.

ಬಾಗಿದ ಹ್ಯಾಂಡಲನ್ನು ತಂದು ತೋರಿಸಿದಾಗ ಮಿಸ್ತ್ರಿ ಕೇಳಿದರು, “ಯಾಕ ಸೈಡ್ ಸ್ಟ್ಯಾಂಡ್ ಹಾಕಿದಿ?”

“ಲಗೂ ಆಗತೈತ್ರಿ. ಡಬಲ್ ಸ್ಟ್ಯಾಂಡ್ ನನಗ ಎತ್ತಾಕ ಆಗೂದಿಲ್ಲ.”

“ಸೈಡ್ ಸ್ಟ್ಯಾಂಡ್ ಅಂದ್ರ ನೆಲಾ ನಂಬಿ ನಿಂದ್ರೂದು. ನಮ್ಮ ನೆಲಾ ಹ್ಯಾಂಗದ? ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ನುಂಗತೈತಿ. ಡಬಲ್ ಸ್ಟ್ಯಾಂಡ್ ಅಂದ್ರ ತನ್ನ ತೂಕಾ ತಾ ಹೊತ್ತು ನಿಂದ್ರೂದು. ಮತ್ತ ಎತ್ತು ಅಂತ ನಿನಗ ಹೇಳಿದಾವ್ರು ಯಾರು? ಎತ್ತಬ್ಯಾಡ, ತುಳಿ.”

ಎದ್ದು ಬಂದರು. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟಿನ ಕೆಳಗಿನ ಹಿಡಿ. ಬಲಗಾಲನ್ನು ಸ್ಟ್ಯಾಂಡಿನ ಮೇಲಿಟ್ಟು, ಇಡೀ ಮೈಯನ್ನು ಆ ಒಂದು ಕಾಲಿನ ಮೇಲೆ ಬಿಟ್ಟರು. ಬತ್ತಿದ ಎಡಗಾಲು ಗಾಳಿಯಲ್ಲಿ ತೂಗಿತು. ಅವರು ಕೆಳಗೆ ಹೋದರು, ಗಾಡಿ ಮೇಲೆ ಬಂತು. ‘ತಟಕ್’ ಅಂತ ಒಂದು ಸಪ್ಪಳ, ಅಷ್ಟೇ.

“ಎರಡೂ ಕಾಲು ನೆಲಕ್ಕ ಊರಿ ರಟ್ಟಿ ಬಲದಾಗ ಎತ್ತಾಂವ ನಡಾ ಮುರಕೋತಾನ. ಒಂದು ಕಾಲು ಸಾಕು. ದೇವರು ನನಗ ಅದನ್ನ ಕಲಿಸಾಕ ಇನ್ನೊಂದು ಕಾಲು ಇಸ್ಕೊಂಡಾನ. ನಿನಗ ಪುಕ್ಕಟೆ ಸಿಕ್ತು, ಕಲಿ.”

ಕಲಿತೆ. ಆಮೇಲೆ ಮೂವತ್ತು ವರ್ಷ ಹೊಳೆಮಣ್ಣೂರಿನ ಹೊಳೆದಂಡೆಯ ಕೆಸರಿನಲ್ಲೂ ನನ್ನ ಗಾಡಿ ನೆಟ್ಟಗೆ ನಿಂತಿತು. ಕೆಳಗೆ ಒಂದು ಚಪ್ಪಟೆ ಕಲ್ಲು, ಮೇಲೆ ಡಬಲ್ ಸ್ಟ್ಯಾಂಡು. ಒಂದೂ ಬಳೆ ಹೆಚ್ಚಲಿಲ್ಲ.

ಅರವತ್ತು ದಾಟಿದ ಮೇಲೆ ನನಗೇ ಗೊತ್ತಿಲ್ಲದಂತೆ ಆಲಸ್ಯ ಬಂತು. ಹೊಟ್ಟೆ ಬಂತು. ಗಾಡಿ ನಿಲ್ಲಿಸುವಾಗ ಕಲ್ಲುಹಾಸು ಹುಡುಕಿ ಸೈಡ್ ಸ್ಟ್ಯಾಂಡ್ ಹಾಕತೊಡಗಿದ್ದೆ. ಮಿಸ್ತ್ರಿ ಸ್ಟ್ಯಾಂಡಿನ ಸವೆತ ನೋಡಿಯೇ ಕಂಡುಹಿಡಿದರು. “ಡಬಲ್ ಸ್ಟ್ಯಾಂಡಿಗೆ ಜಂಗ್ ಹಿಡದೈತಿ. ನಿನಗೂ ಹಿಡದೈತಿ. ಹೊಟ್ಟಿ ನೋಡು, ಟಾಕಿ ಮ್ಯಾಲ ಕುಂತೈತಿ. ಟಾಕ್ಯಾಗ ಪೆಟ್ರೋಲ್ ಹಾಕೂದೋ, ನಿನ್ನ ಹೊಟ್ಟಿ ಸರಸೂದೋ?”

ಅವತ್ತಿನಿಂದ ನನಗೆ ಬೇರೆ ಕಾನೂನು ಬಂತು. ಅಂಗಡಿಯಲ್ಲಿ ಗಾಳಿ ತುಂಬುವ ಮಷೀನಿತ್ತು. ಅದು ಹರೆಯದವರಿಗೆ. ತಲೆ ಬೆಳ್ಳಗಾದ ಗಿರಾಕಿಗೆ ಕೈಪಂಪು. ನಾವು ಸೇದಿ ಸೇದಿ ಬೆವರುವಾಗ ಅವರು ಚಾ ಕುಡಿಯುತ್ತ ಎಣಿಸುತ್ತಿದ್ದರು. ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಅವರದು. ನಾವು ಕುಕ್ಕರಗಾಲಲ್ಲಿ ಕೂರಬೇಕು, ಕೈ ಊರದೆ ಏಳಬೇಕು. “ನೆಲಕ್ಕ ಕೈ ಹಚ್ಚಿದ್ರ ಚಾ ಇಲ್ಲ.” ಕೆಲವೊಮ್ಮೆ ಬೆನ್ನ ಹಿಂದೆ ಬಂದು ನಿಂತು, “ಹೊಳ್ಳಿ ನೋಡು, ಎಷ್ಟು ಬಟ್ಟು ಅದಾವ ಹೇಳು” ಎಂದು ಕೈಬೆರಳು ತೋರಿಸುತ್ತಿದ್ದರು. ಮೈ ತಿರುಗಿಸುವ ಹಾಗಿಲ್ಲ, ಕುತ್ತಿಗೆ ಮಾತ್ರ. “ಹಿಂದ ಲಾರಿ ಬಂದ್ರ ಅದಕ್ಕ ಸಲಾಮ್ ಹೊಡ್ಯಾಕ ಇಡೀ ಮೈ ತಿರಿಗಿಸ್ತಿಯೇನು?” ಸರ್ಕಾರದ ಲೈಸನ್ಸು ಒಂದು, ಮಿಸ್ತ್ರಿಯ ಲೈಸನ್ಸು ಇನ್ನೊಂದು. ಸರ್ಕಾರದ್ದು ಪರೀಕ್ಷೆ ಒಂದು ಸಲ ತೆಗೆದುಕೊಂಡು ವರ್ಷಗಟ್ಟಲೆ ಬಿಡುತ್ತದೆ. ಮಿಸ್ತ್ರಿಯ ಅಂಗಡಿಯಲ್ಲಿ ಆಯಿಲ್ ಬದಲಿಸಲು ಹೋದಾಗೆಲ್ಲ ಪರೀಕ್ಷೆ.

ನಾನು ಬೈದುಕೊಳ್ಳುತ್ತಲೇ ಮಾಡಿದೆ. ಹೊಟ್ಟೆ ಟಾಕಿಯಿಂದ ಕೆಳಗಿಳಿಯಿತು.

ಆದರೆ ಹೋದ ವರ್ಷ ಮಳೆಗಾಲದಲ್ಲಿ, ಗಾಡಿಯಿಂದ ಎಂದೂ ಬೀಳದವನು ಬಚ್ಚಲದ ಕಲ್ಲಿನ ಮೇಲೆ ಜಾರಿ ಬಿದ್ದೆ. ಬಲಗಾಲಿನ ಎಲುಬು ಬಿರುಕುಬಿಟ್ಟಿತು. ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದೆ. ನೋಡಲು ಬಂದ ಮಿಸ್ತ್ರಿಗೆ “ಕಾಲು ಮುರೀತ್ರಿ” ಎಂದೆ.

“ಛೇ, ಬಳೆಗಾರನ ಬಾಯಾಗ ಎಂಥಾ ಮಾತು! ಹೆಚ್ಚೈತಿ ಅನ್ನು. ಹೆಚ್ಚಿದ್ದು ಕೂಡತೈತಿ.”

ಕೂಡಿತು. ಆದರೆ ಅಷ್ಟರಲ್ಲಿ ನನ್ನ ಮಗ ಗಾಡಿಯನ್ನು ಮಿಸ್ತ್ರಿಯ ಅಂಗಡಿಗೆ ಒಯ್ದು, “ಇನ್ನ ಅಬ್ಬಾ ನಡಸೂದಿಲ್ಲ, ಯಾರಿಗರೆ ಮಾರಿಬಿಡ್ರಿ ಕಾಕಾ” ಎಂದು ಬಿಟ್ಟುಬಂದಿದ್ದ. ಅವನದೇನೂ ತಪ್ಪಿಲ್ಲ, ಹೆದರಿದ್ದ. ಮಿಸ್ತ್ರಿ “ಆತಪಾ, ನೋಡೂಣು” ಎಂದರಂತೆ. ತಿಂಗಳು ಎರಡಾದರೂ ಗಿರಾಕಿ ಬರಲಿಲ್ಲ. “ಏನ್ ಮಾಡೂದು, ಹಳೇ ಗಾಡಿ” ಎಂದು ಮಗನಿಗೆ ಹೇಳುತ್ತಿದ್ದರು.

ಕೋಲು ಹಿಡಿದು ನಡೆಯುವಂತಾದ ದಿನ ನಾನು ಅಂಗಡಿಗೆ ಹೋದೆ. ಮೂಲೆಯಲ್ಲಿ ನನ್ನ ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಒರಗಿತ್ತು. ಉಳಿದ ಗಾಡಿಗಳೆಲ್ಲ ಡಬಲ್ ಸ್ಟ್ಯಾಂಡಿನ ಮೇಲೆ.

“ಚಾವಿ ಕೊಡ್ರಿ. ಬರೇ ಕುಂತು ನೋಡ್ತೇನಿ.”

“ಎತ್ತು, ಕೊಡ್ತೇನಿ.”

“ಕೋಲು ಹಿಡದು ಬಂದಾವಗ ಹಿಂಗ ಅಂತೀರೇನ್ರಿ?”

“ನಾ ಸಣ್ಣಾಂವಿದ್ದಾಗಿಂದ ಕೋಲು ಹಿಡ್ಯೂದು ದೊಡ್ಡ ಮಾತಾಗಿತ್ತೇನು? ಹಿಡೀಲಿಲ್ಲ. ಡಾಕ್ಟರ್ ಹೂಂ ಅಂದ ಮ್ಯಾಲ ಬಾ. ಸೈಕಲ್ ತುಳಿ. ಪಂಪು ಹೊಡಿ. ಗಾಡಿ ಎಲ್ಲಿಗೂ ಹೋಗೂದಿಲ್ಲ.”

ಅದೇ ದಿನಗಳಲ್ಲಿ ಮೊಮ್ಮಗಳು ಬಸುರಿ ಎಂಬ ಸುದ್ದಿ ಬಂತು. ಅವಳನ್ನು ಕೊಟ್ಟದ್ದು ನರಗುಂದಕ್ಕೆ. ಸಣ್ಣವಳಿದ್ದಾಗ ನನ್ನ ಗಾಡಿಯ ಟಾಕಿಯ ಮೇಲೆ ಕೂತು ಹಾರನ್ ಹೊಡೆಯುತ್ತ ಇಡೀ ರೋಣ ತಿರುಗಿದವಳು. ಅಜ್ಜನಾದ ನಾನು ಅವಳಿಗೆ ನಾನಾ. ಫೋನಿನಲ್ಲಿ, “ನಾನಾ, ಕೂಸು ಮನಿಗೆ ಬಂದ ದಿನ ನೀವು ಗಾಡಿ ಮ್ಯಾಲ ಬರಬೇಕು. ಬಸ್ಸಿಗೆ ಬಂದ್ರ ಬಾಗಲಾ ತಗ್ಯೂದಿಲ್ಲ” ಎಂದಳು. ನಗುತ್ತ ಅಂದಳು. ನಾನು ನಗುತ್ತ “ಆತವ್ವಾ” ಎಂದೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಮಾತು ಕೊಟ್ಟಾಗಿತ್ತು. ಕೂಸು ಬರುವಷ್ಟರಲ್ಲಿ ನಾನು ಆ ಗಾಡಿಯನ್ನು ಎತ್ತಬೇಕಿತ್ತು.

ಚಳಿಗಾಲಕ್ಕೆ ಮಿಸ್ತ್ರಿ ಮಲಗಿದರು. ಎದೆಯ ಬೇನೆ. ಗದಗಿನ ದವಾಖಾನೆಗೆ ನೋಡಲು ಹೋದೆ. ಒಂದು ಮಗ್ಗುಲಾಗಿ ದಿಂಬಿಗೆ ಒರಗಿಸಿದ್ದರು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕರು.

“ನೋಡೋ ಬಳೆಗಾರ, ನನ್ನ ಸೈಡ್ ಸ್ಟ್ಯಾಂಡ್ ಹಾಕ್ಯಾರ.”

ನಾನೂ ನಕ್ಕೆ, ಆಮೇಲೆ ಆಗಲಿಲ್ಲ. “ಚಾವಿನರ ಕೊಡ್ರಿ ಮಿಸ್ತ್ರಿ” ಎಂದುಬಿಟ್ಟೆ. ಇಂಥ ಹೊತ್ತಿನಲ್ಲಿ ಇಲ್ಲ ಅನ್ನಲಾರರು ಎಂಬ ಸಣ್ಣ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

“ಗಾಡಿ ಎತ್ತಿದ್ಯಾ?”

“ಇಲ್ರಿ.”

“ಮತ್ತ ಬಾಯಿ ಯಾಕ ಎತ್ತಿದಿ?”

ಅದೇ ಅವರ ಕಡೆಯ ಮಾತು ನನ್ನ ಪಾಲಿಗೆ. ನಾಲ್ಕು ದಿನಕ್ಕೆ ಹೋದರು.

ಮಿಸ್ತ್ರಿಯ ಮಣ್ಣಿಗೆಂದು ಹೊಳೆಮಣ್ಣೂರಿನಿಂದ ಬಂದ ಒಬ್ಬ ರೈತ ನನ್ನ ಮಗನ ಪಕ್ಕದಲ್ಲೇ ನಿಂತಿದ್ದ. “ನಿಮ್ಮಪ್ಪನ ಗಾಡಿ ನಾನ ತಗೋಬೇಕಂತ ಬಂದಿದ್ನಿ” ಎಂದನಂತೆ. “ಮಿಸ್ತ್ರಿ ಕೊಡಲಿಲ್ಲ. ‘ಬ್ಯಾಡಪಾ, ಈ ಗಾಡಿ ಬಳಿ ಸಪ್ಪಳಾ ಕೇಳಿದ್ರ ತಾನ ನಿಂದರತೈತಿ, ಮೂವತ್ತು ವರ್ಷದ ರೂಢಿ. ಹಿಂದ ನಿನ್ನ ಹೇಣ್ತಿನ್ನ ಕುಂದ್ರಿಸ್ಕೊಂಡ್ರ ನೀ ಊರು ಮುಟ್ಟೂದಿಲ್ಲ’ ಅಂದ್ರು. ಹೇಣ್ತಿಗೆ ಹೇಳಿದ್ನಿ, ಅಕಿ ಗಾಡಿನ ಬ್ಯಾಡ ಅಂದ್ಲು.” ಮಗ ಮನೆಗೆ ಬಂದು ಇದನ್ನು ಹೇಳಿದಾಗ, ಅಳಬೇಕಾದ ಮನೆಯಲ್ಲಿ ನಾವಿಬ್ಬರೂ ಗೋಡೆ ಹಿಡಿದು ನಕ್ಕೆವು. ಆಮೇಲೆ ಮಗ ಮಾರುವ ಮಾತು ಎತ್ತಲಿಲ್ಲ. “ಕಾಕಾನ ಕಾನೂನು ಏನೈತೋ ಅದ. ಎತ್ತಿದ್ರ ನಡಸ್ರಿ, ಇಲ್ಲಂದ್ರ ಇಲ್ಲ” ಎಂದ.

ಚಾವಿ ಮಿಸ್ತ್ರಿಯ ಹೆಂಡತಿಯ ಹತ್ತಿರ ಇತ್ತು. ಅವರು ನನ್ನನ್ನು ಅಣ್ಣಾರ ಎನ್ನುತ್ತಾರೆ. ವರ್ಷವರ್ಷ ಹಬ್ಬಕ್ಕೆ ಹಸಿರು ಬಳೆ ಇಡಿಸಿದ್ದು ನಾನೇ, ಎರಡಂಗುಲದ ಬಳೆ ಹಿಡಿಸುವ ಸಣ್ಣ ಕೈ. ಮಿಸ್ತ್ರಿ ಹೋದ ಮೇಲೆ ಮೊದಲ ಸಲ ಹೋದಾಗ ನಾನು ಅವರ ಕೈ ನೋಡಲಾರದೆ ನೆಲ ನೋಡುತ್ತ ಕೂತಿದ್ದೆ. ಅವರೇ ಕೈ ಮುಂದೆ ಮಾಡಿದರು. ಬಳೆ ಇದ್ದ ಜಾಗದಲ್ಲಿ ಕರಿದಾರ, ದಾರಕ್ಕೆ ನನ್ನ ಗಾಡಿಯ ಚಾವಿ.

“ಮನಿ ತುಂಬ ಮಂದಿ ಬಂದು ಹೋಗೂದು, ಎಲ್ಲರೆ ಕಳದೀತು ಅಂತ ಕಟ್ಕೊಂಡೇನ್ರಿ ಅಣ್ಣಾರ. ಬಳೆಗಾರ ಎತ್ತಿ ತೋರ್ಸೂತನಕ ಯಾರು ಕೇಳಿದ್ರೂ ಕೊಡಬ್ಯಾಡ ಅಂತ ಹೇಳಿ ಹೋಗ್ಯಾರ. ನಿಮ್ಮ ಮಗಾ ಕೇಳಿದ್ರೂ ಇಲ್ಲ. ನೀವು ಅತ್ತು ಕೇಳಿದ್ರೂ ಇಲ್ಲಂತ.”

“ನಾ ಯಾಕ ಅಳ್ಲಿ?” ಎಂದೆ, ಅಳುತ್ತ.

ಡಾಕ್ಟರು ಹೂಂ ಅಂದಿದ್ದರು. ನಾನು ಮುಂಜಾನೆ ಮುಂಜಾನೆ ಅಬ್ಬಿಗೇರಿ ಹಾದಿಯಲ್ಲಿ ಸೈಕಲ್ ತುಳಿದೆ. ಮಿಸ್ತ್ರಿಯ ಕೈಪಂಪನ್ನು ಇಸಿದುಕೊಂಡು ಬಂದು ನಮ್ಮ ಓಣಿಯ ಸೈಕಲ್ಲುಗಳಿಗೆಲ್ಲ ಗಾಳಿ ಹೊಡೆದೆ. ಓಣಿಯ ಹೆಂಗಸರು ನನ್ನ ಹೆಂಡತಿಯನ್ನು ಕಾಡಿಸುತ್ತಿದ್ದರು, “ಏನ್ ಚಾಚೀ, ಚಾಚಾ ಬಳಿ ಬಿಟ್ಟು ಗಾಳಿ ಮಾರಾಕ ಹತ್ಯಾರ?” ಅವಳು ಹೇಳುತ್ತಿದ್ದಳು, “ಬಳಿ ಮಾರೂಮುಂದ ಇಡೀ ತಾಲೂಕಿನ ಹೆಣ್ಮಕ್ಕಳ ಕೈ ಹಿಡೀತಿದ್ರು. ಗಾಳಿನ ಚಲೋ.” ಊಟಕ್ಕೆ ನೆಲದ ಮೇಲೆ ಕೂತೆ, ಕೈ ಊರದೆ ಎದ್ದೆ. ಮೊದಮೊದಲು ಮಂಚದ ಕಾಲು ಹಿಡಿದು, ಆಮೇಲೆ ಹಿಡಿಯದೆ. ಕೋಲು ಅಟ್ಟ ಸೇರಿತು.

ಆದರೂ ಬೇಸಿಗೆಯಲ್ಲಿ ಒಮ್ಮೆ ಅಂಗಡಿಗೆ ಹೋಗಿ ಎತ್ತಲು ನೋಡಿದಾಗ ಗಾಡಿ ಮಿಸುಕಲಿಲ್ಲ. ಬುಧವಾರ ಕೂಸು ಹುಟ್ಟಿದ ಸ್ವಲ್ಪ ಹೊತ್ತಿಗೆ ಮತ್ತೆ ಹೋದೆ. ಅರ್ಧಕ್ಕೆ ಬಂದು ತಪ್ಪನೆ ಕೆಳಗಿಳಿಯಿತು. ಮಿಸ್ತ್ರಿಯ ಹೆಂಡತಿ ಚಾವಿಯ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡರು. ನನ್ನ ಹೆಂಡತಿ ಬಾಣಂತನಕ್ಕೆಂದು ಆಗಲೇ ಗಜೇಂದ್ರಗಡಕ್ಕೆ ಹೋಗಿದ್ದಳು. ಮಗ ಅವತ್ತೇ ಹೋಗಿ ಕೂಸನ್ನು ನೋಡಿ ಬಂದ. ನಾನು ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಎರಡು ದಿನ ಎಲ್ಲರೂ ಕೂಸಿನ ಫೋಟೋ ನೋಡು ಅಂದರು. ಅದನ್ನೂ ನೋಡಲಿಲ್ಲ. ಹಟ ಅನ್ನಿ, ಹುಚ್ಚು ಅನ್ನಿ.

ಶುಕ್ರವಾರ ಮುಂಜಾನೆ ಮಗ ನನ್ನ ಕೈಚೀಲ ಹಿಡಿದುಕೊಂಡೇ ಜೊತೆಗೆ ಬಂದ. “ಅಬ್ಬಾ, ಒಂದ ಸಲ ನೋಡ್ರಿ. ಆಗಲಿಲ್ಲಂದ್ರ ಹತ್ತು ಗಂಟೆ ಬಸ್ಸಿಗೆ ಹೋಗೂಣು. ಆಕಿ ಬಾಗಲಾ ತಗೀತಾಳ, ನಾ ಹೇಳ್ತೇನಿ.” ಮಿಸ್ತ್ರಿಯ ಹೆಂಡತಿ ಅಂಗಡಿಯ ಷಟರ್ ಎತ್ತಿಸಿ, ಮಿಸ್ತ್ರಿ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತರು.

ಎಡಗೈ ಹ್ಯಾಂಡಲಿಗೆ, ಬಲಗೈ ಸೀಟಿನ ಕೆಳಗಿನ ಹಿಡಿಗೆ. ಉಸಿರು ಬಿಗಿಹಿಡಿದು ಎಳೆದೆ. ಗಾಡಿ ನಡುಗಿತು, ಏರಲಿಲ್ಲ. ರಟ್ಟೆ ಉರಿಯಿತು. ಮಗ ಒಂದು ಹೆಜ್ಜೆ ಮುಂದೆ ಬಂದ.

“ನೀ ಸರಿ ತಮ್ಮಾ” ಎಂದರು ಅವರು. ಆಮೇಲೆ ನನ್ನ ಕಡೆ, “ಅಣ್ಣಾರ, ನೀವು ಎತ್ತಾಕತ್ತೀರಿ.”

“ಮತ್ತ ಎತ್ತಾಕ ಅಲ್ಲೇನ್ರಿ ಬಂದದ್ದು?”

“ಅವ್ರು ಏನಂತಿದ್ರು?”

ನಾನು ಎಳೆಯುವುದನ್ನು ಬಿಟ್ಟೆ. ನೋಡಿ, ಮೂವತ್ತು ವರ್ಷ ಮಾಡಿದ ಕೆಲಸ. ಎಲುಬು ಹೆಚ್ಚಿದ ಮೇಲೆ ನಾನು ಆ ಬಲಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟಿರಲೇ ಇಲ್ಲ. ಸೈಕಲ್ಲಿನಲ್ಲೂ ಎಡಗಾಲಿನಿಂದಲೇ ಜೋರು ಮಾಡುತ್ತಿದ್ದೆ. ಕಾಲನ್ನು ನಂಬದೆ ರಟ್ಟೆಯನ್ನು ನಂಬಿದ್ದೆ. ಸೈಡ್ ಸ್ಟ್ಯಾಂಡಿಗೆ ನಿಂತದ್ದು ಗಾಡಿ ಅಲ್ಲ, ನಾನು.

ಬಲಗಾಲನ್ನು ಸ್ಟ್ಯಾಂಡಿನ ಮೇಲಿಟ್ಟೆ. ಎಡಗಾಲನ್ನು ನೆಲದಿಂದ ಎತ್ತಿದೆ. ಮಿಸ್ತ್ರಿಯ ಬತ್ತಿದ ಕಾಲಿನ ಹಾಗೆ ಅದು ಗಾಳಿಯಲ್ಲಿ ತೂಗಿತು. ಇಡೀ ಮೈಯನ್ನು, ಹೆದರಿಕೆಯನ್ನೂ ಸೇರಿಸಿ, ಆ ಒಂದು ಕಾಲಿನ ಮೇಲೆ ಬಿಟ್ಟೆ.

ತಟಕ್.

ಮಿಸ್ತ್ರಿಯ ಹೆಂಡತಿ ಎದ್ದು ಬಂದು, ನೆಲ ಬಿಟ್ಟು ನಿಂತಿದ್ದ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿದರು. ಅದು ತಿರುಗಿತು. ನಿಲ್ಲುವವರೆಗೆ ನೋಡಿದರು. ಆಮೇಲೆ ಹಲ್ಲಿನಿಂದ ದಾರದ ಗಂಟು ಬಿಚ್ಚಿ ಚಾವಿ ನನ್ನ ಕೈಯಲ್ಲಿಟ್ಟರು. “ಶುಕ್ರವಾರಕ್ಕೊಮ್ಮೆ ನಮ್ಮ ಅಳಿಯನ ಕೈಲೆ ಚಾಲೂ ಮಾಡಿಸೇನ್ರಿ. ಎಣ್ಣಿ, ಗಾಳಿ ಎಲ್ಲಾ ಐತಿ. ಕೂಸಿಗೆ ನನ್ನ ಹೆಸರಿಲೆ ಒಂದು ಮುದ್ದು ಕೊಡ್ರಿ.”

“ನೀವ ಬಂದು ಕೊಡ್ರಿ. ಸಂಜಿಗೆ ಎಲ್ಲಾರೂ ಅಲ್ಲೇ ಊಟ. ಇಂವ ಬಸ್ಸಿಗೆ ಕರ್ಕೊಂಡು ಬರ್ತಾನ” ಎಂದು ಮಗನನ್ನು ತೋರಿಸಿದೆ. ಅವನು ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದ. ಸಣ್ಣವನಿದ್ದಾಗ ಸಾಲಿಗೆ ಕಳಿಸುವಾಗ ನಾನು ಅವನ ಗುಂಡಿ ಹಾಕುತ್ತಿದ್ದೆ, ಹಾಗೆ.

ಮೊದಲು ಊರ ಹೊರಗಿನ ಮೈದಾನದಲ್ಲಿ ಮೂರು ಸುತ್ತು ಹಾಕಿದೆ. ಮೈಗೆ ಎಲ್ಲ ನೆನಪಿತ್ತು. ಆಮೇಲೆ ರಸ್ತೆಗೆ ಇಳಿದೆ. ಅವಸರ ಮಾಡಲಿಲ್ಲ. ಲಾರಿ ಬಂದಾಗ ಕುತ್ತಿಗೆ ತಿರುಗಿಸಿ ನೋಡಿದೆ, ಸಲಾಮು ಹೊಡೆಯಲಿಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವುದು ದೂರದಿಂದಲೇ ಕಂಡಿತು. ಹಾಗಿದ್ದರೆ ಮುಂದೆ ಅಡ್ಡಗಾಳಿ ಎಂದು ತಿಳಿದು ವೇಗ ಇಳಿಸಿದೆ. ನಡುವೆ ಒಂದು ಬೇವಿನ ಮರದ ಕೆಳಗೆ ಚಾ ಕುಡಿಯಲು ನಿಂತೆ. ಗಟ್ಟಿ ನೆಲ, ಸೈಡ್ ಸ್ಟ್ಯಾಂಡ್ ಸಾಕಿತ್ತು. ಡಬಲ್ ಸ್ಟ್ಯಾಂಡ್ ಹಾಕಿದೆ. ಹೊಲದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ನಿಂತು ನೋಡಿ, “ಏ ಬಳೆಗಾರಣ್ಣಾ, ಹೊಳ್ಳಿ ಬಂದ್ಯಾ! ಇಷ್ಟು ದಿನಾ ಎಲ್ಲಿ ಸತ್ತಿದ್ದಿ?” ಎಂದಳು. “ಬಚ್ಚಲದಾಗವ್ವಾ” ಎಂದೆ.

ಮಗಳ ಮನೆಯ ಓಣಿಗೆ ತಿರುಗುವಾಗಲೇ ಹಾರನ್ ಹೊಡೆದೆ. ಒಂದೇ ಸಲ, ಕೂಸು ಬೆಚ್ಚಬಾರದಲ್ಲ. ಒಳಗಿನಿಂದ ಮೊಮ್ಮಗಳ ದನಿ ಕೇಳಿತು: “ಅಮ್ಮೀ, ಬಾಗಲಾ ತಗೀ! ನಾನಾ ಬಂದ್ರು, ಗಾಡಿ ಮ್ಯಾಲ!” ಸಪ್ಪಳದ ಮೇಲೆ ಹೇಳಿದಳು, ಮಿಸ್ತ್ರಿಯ ಹಾಗೆ.

ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದರು. ಕಿಸೆಯಿಂದ ಕರಿಮಣಿಯ ಪುಟ್ಟ ಬಳೆ ತೆಗೆದು ಎರಡೂ ಕೈಗೆ ಇಟ್ಟೆ. ಎಷ್ಟೋ ಸಾವಿರ ಕೈ ಹಿಡಿದಿದ್ದೇನೆ, ಇಷ್ಟು ಸಣ್ಣ ಕೈ ಹಿಡಿದಿರಲಿಲ್ಲ. ಹಿಡಿದ ಬೆರಳನ್ನು ಅದು ಬಿಡಲಿಲ್ಲ. ಬ್ರೇಕ್ ಹಿಡಿದ ಹಾಗೆ ಹಿಡಿದಿತ್ತು.

ಸಂಜೆಗೆ ನರಗುಂದದ ಬೀಗರು ಸಕ್ಕರೆ ತೆಗೆದುಕೊಂಡು ಬಂದರು. ಬಸ್ಸಿನಿಂದ ನನ್ನ ಮಗ ಮಿಸ್ತ್ರಿಯ ಹೆಂಡತಿಯನ್ನು ಕರೆದುಕೊಂಡು ಬಂದ. ಅವರು ಒಳಗೆ ಬರುವ ಮೊದಲು ಅಂಗಳದಲ್ಲಿ ನಿಂತು ಗಾಡಿಯ ಕಾಲು ನೋಡಿದರು. ಡಬಲ್ ಸ್ಟ್ಯಾಂಡು. ತಲೆಯಾಡಿಸಿ ಒಳಗೆ ಬಂದು ಕೂಸನ್ನು ಎತ್ತಿಕೊಂಡರು.

ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು, ನೆಲದ ಮೇಲೆ. ಬಾಣಂತಿ ಬಾಗಿಲ ಒಳಗೆ ಕೂಸಿನ ಜೊತೆ, ತನ್ನ ಬೇರೆ ಅಡುಗೆಯ ತಾಟು ಹಿಡಿದು. ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಮೊಸರು. ನಮ್ಮ ಮನೆಯ ಸುರಕುಂಬಾ. ಅಂದರೆ ಶಾವಿಗೆ, ಹಾಲು, ಉತ್ತತ್ತಿಯ ಪಾಯಸ. ನನ್ನ ಎದುರಿಗೆ ಕೂತಿದ್ದ ಮಿಸ್ತ್ರಿಯ ಹೆಂಡತಿ ಊಟ ಶುರು ಮಾಡುವ ಮೊದಲು ಬಲಗೈ ಮುಂದೆ ಚಾಚಿದರು.

“ಬಳಿ ಬೇಕೇನ್ರಿ?” ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಬಳಿ ಬ್ಯಾಡ್ರಿ ಅಣ್ಣಾರ. ಚಾವಿ ಕೊಡ್ರಿ.”

“ನಾಳೆ ಹೊಳ್ಳಿ ಹೋಗಬೇಕಲ್ರಿ?”

“ಮುಂಜಾನೆ ಸ್ಟ್ಯಾಂಡ್ ಇಳಿಸಿ, ಮತ್ತೊಮ್ಮೆ ಹಾಕಿ ತೋರ್ಸ್ರಿ. ಕೊಡ್ತೇನಿ. ರೋಣಕ್ಕ ಹೋದ ಮ್ಯಾಲೂ ಹಿಂಗ. ಎಲ್ಲಿಗೆ ಹೋಗೂದಿದ್ರೂ ನನ್ನ ಬಾಗಲಿಗೆ ಬಂದು ಎತ್ತಿ ಒಯ್ಯೂದು. ಅವ್ರಿಲ್ಲಂತ ಕಾನೂನು ಇಲ್ಲೇನು?”

ನನ್ನ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಚಾವಿ ತೆಗೆದು ಕೊಟ್ಟೆ. ಅವರು ಅದನ್ನು ಅದೇ ಕರಿದಾರಕ್ಕೆ ಪೋಣಿಸಿ, ನನ್ನ ಮಗಳ ಕೈಯಿಂದ ಮಣಿಕಟ್ಟಿಗೆ ಕಟ್ಟಿಸಿಕೊಂಡರು. ರೊಟ್ಟಿ ಮುರಿಯುವಾಗ ಚಾವಿ ತಾಟಿಗೆ ತಾಗಿ ಕಿಣ್ ಅಂತು. ಅವರು ಪ್ರತಿ ತುತ್ತು ಎತ್ತಿದಾಗಲೂ ಕಿಣ್, ಕಿಣ್. ಆ ಕೈಯಿಂದ ಮತ್ತೆ ಒಂದು ಸಪ್ಪಳ ಕೇಳುತ್ತ ನಾನು ತಲೆ ತಗ್ಗಿಸಿ ಉಂಡೆ.

ಎರಡು ರೊಟ್ಟಿ ಮುಗಿದಿದ್ದವು. ಹೆಂಡತಿ ಮೂರನೆಯದನ್ನು ನನ್ನ ತಾಟಿಗೆ ಹಾಕಲು ಬಂದಳು. ಎದುರಿನಿಂದ ಚಾವಿಯ ಕೈ ಅಡ್ಡ ಬಂತು.

“ಸಾಕ್ರಿ ಭಾಭಿ. ನಾಳೆ ಗಾಡಿ ಎತ್ತೂದೈತಿ.”

“ಎತ್ತೂದಲ್ರಿ” ಎಂದೆ ನಾನು. “ತುಳಿಯೂದು. ತುಳ್ಯಾಕ ತೂಕಾ ಬೇಕು. ಹಾಕ ರೊಟ್ಟಿ!”

ಇಡೀ ಪಡಸಾಲೆ ನಕ್ಕಿತು. ಒಳಗೆ ಕೂಸು ಎಚ್ಚರಾಗಿ ಅತ್ತಿತು. ಕಡೆಗೆ ರಾಜಿಯಾಗಿ ಅರ್ಧ ರೊಟ್ಟಿ ನನ್ನ ತಾಟಿಗೆ ಬಂತು, ಇನ್ನರ್ಧ ಮಿಸ್ತ್ರಿಯ ಹೆಂಡತಿಯ ತಾಟಿಗೆ ಹೋಯಿತು.